ಬಣ್ಣ ನೋಡಿದ್ದು ಸಾಕು, ಗಾಡಿಯ ಅಡಿಯನ್ನೂ ನೋಡೋಣ

ದನ ಕೊಳ್ಳಲು ಹೋದಾಗ ನಾವು ಮೈಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತೇವೆ, ಎಷ್ಟನೇ ಕರು ಎಂದು ಕೇಳುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ. ನಾಲ್ಕೂ ಮೊಲೆಗಳಲ್ಲಿ ಹಾಲು ಸರಿಯಾಗಿ ಇಳಿಯುತ್ತದೆಯೇ ಎಂದು ಕರೆದೇ ನೋಡುತ್ತೇವೆ. ಮಾರುವವರು ಮುಖ ಸಿಂಡರಿಸಿದರೂ ಬಿಡುವುದಿಲ್ಲ. ಅದೇ ಮನೆಗೆ ಹಳೆಯ ಕಾರೋ ಓಮ್ನಿಯೋ ಪಿಕಪ್ಪೋ ಬರುವಾಗ ನೋಡುವುದು ಬಣ್ಣ, ಸೀಟು, ಹೆಚ್ಚೆಂದರೆ ಟಯರು. ಬಗ್ಗಿ ಅದರ ಅಡಿಯನ್ನು ನೋಡುವವರು ಕಡಿಮೆ. ನಾವು ಹೆಂಗಸರಂತೂ "ಅದು ಗಂಡಸರ ವ್ಯವಹಾರ" ಎಂದು ಜಗಲಿಯಲ್ಲೇ ನಿಂತುಬಿಡುತ್ತೇವೆ. ಆದರೆ ಸಾಲದ ಕಂತು ಹೋಗುವುದು ಹಾಲಿನ ದುಡ್ಡಿನಿಂದ. ಆ ಗಾಡಿಯಲ್ಲಿ ಹಿಂಡಿ ಮೂಟೆಯ ಪಕ್ಕ, ಮಡಿಲಲ್ಲಿ ಮಗುವನ್ನು ಇಟ್ಟುಕೊಂಡು ಗುಡ್ಡೆಯ ರಸ್ತೆ ಇಳಿಯುವವರೂ ನಾವೇ.

ಹಾಗಾಗಿ ಹಳೆಯ ಗಾಡಿಯ ಬ್ರೇಕಿನ ಬಗ್ಗೆ ಕೇಳುವುದು ನಮ್ಮ ಹಕ್ಕು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮೊದಲು, ಗಾಡಿಯನ್ನು ಮೇಲೆತ್ತಿಸಿ ಬ್ರೇಕ್ ಪೈಪ್ ನೋಡಿಸುವ ಕ್ರಮ ನಮ್ಮ ಮನೆಗಳಲ್ಲೂ ಸಂಘಗಳಲ್ಲೂ ಬರಬೇಕು ಎಂಬುದು ನನ್ನ ಅಭಿಪ್ರಾಯ. ಹಾಲಿನ ಪತ್ರಿಕೆಯಲ್ಲಿ ಗಾಡಿಯ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಹಾಲು ಡೈರಿಗೆ ಹೋಗುವುದು ಗಾಡಿಯಲ್ಲೇ ತಾನೆ?

ಪೆನ್ಸಿಲ್‌ಗಿಂತ ಸಪೂರದ ಪೈಪ್

ಕಾರಿನ ಬ್ರೇಕ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರಿನಲ್ಲಿರುವ ಬ್ರೇಕ್ ಆಯಿಲ್ ಸಪೂರದ ಉಕ್ಕಿನ ಪೈಪುಗಳ ಮೂಲಕ ನಾಲ್ಕು ಚಕ್ರಗಳಿಗೂ ತಳ್ಳಲ್ಪಡುತ್ತದೆ. ಆ ಒತ್ತಡವೇ ಚಕ್ರವನ್ನು ಹಿಡಿದು ನಿಲ್ಲಿಸುವುದು. ಈ ಪೈಪಿನ ಒಟ್ಟು ದಪ್ಪ 5 ಮಿ.ಮೀ. ಕೂಡ ಇರುವುದಿಲ್ಲ, ಮಕ್ಕಳ ಪೆನ್ಸಿಲ್‌ಗಿಂತ ಸಪೂರ. ಅದರ ಗೋಡೆಯ ದಪ್ಪ 1 ಮಿ.ಮೀ.ಗಿಂತಲೂ ಕಡಿಮೆ. ಕಾರಿನ ಟಯರಿಗೆ ನಾವು ತುಂಬಿಸುವ ಗಾಳಿಯ ಒತ್ತಡ ಸುಮಾರು 30 ಪೌಂಡ್. ಗಾಬರಿಯಲ್ಲಿ ಬ್ರೇಕ್ ತುಳಿದಾಗ ಈ ಪೈಪಿನೊಳಗೆ ಏಳುವ ಒತ್ತಡ 1000 ಪೌಂಡಿಗೂ ಮೇಲೆ. ಹೊಸ ಪೈಪ್ ಅದನ್ನು ಸುಲಭವಾಗಿ ತಡೆದುಕೊಳ್ಳುತ್ತದೆ. ತುಕ್ಕು ತಿಂದು ಕಾಗದದಷ್ಟು ತೆಳುವಾದ ಪೈಪ್ ತಡೆದುಕೊಳ್ಳುವುದಿಲ್ಲ.

ಇದರಲ್ಲಿ ಒಂದು ಕೆಟ್ಟ ಗುಣವಿದೆ. ದಿನವೂ ಮೆಲ್ಲಗೆ ಬ್ರೇಕ್ ಒತ್ತುವಾಗ ಬಡಕಲು ಪೈಪ್ ಕೂಡ ಹೇಗೋ ನಿಭಾಯಿಸುತ್ತದೆ. ಎದುರು ಮಗುವೋ ದನವೋ ಅಡ್ಡ ಬಂದು ಪೂರ್ತಿ ಬಲದಿಂದ ತುಳಿದಾಗಲೇ ಒತ್ತಡ ಅತಿ ಹೆಚ್ಚು; ಅದು ಒಡೆಯುವುದೂ ಆಗಲೇ. "ನಿನ್ನೆಯವರೆಗೂ ಬ್ರೇಕ್ ಚೆನ್ನಾಗಿತ್ತು" ಎಂಬ ಮಾತು ಸುಳ್ಳಲ್ಲ, ಆದರೆ ಅದನ್ನು ನೆಚ್ಚುವಂತಿಲ್ಲ. ಸುಪ್ತ ಕೆಚ್ಚಲು ಬಾವು ನಮಗೆಲ್ಲ ಗೊತ್ತು. ಹಾಲು ನೋಡಲು ಬೆಳ್ಳಗೇ ಇರುತ್ತದೆ, ಕೆಚ್ಚಲು ಊದಿರುವುದಿಲ್ಲ, ಒಳಗೆ ಮಾತ್ರ ರೋಗ ಬೆಳೆಯುತ್ತಿರುತ್ತದೆ. ಪರೀಕ್ಷೆ ಮಾಡಿದರೆ ಮಾತ್ರ ತಿಳಿಯುತ್ತದೆ. ಬ್ರೇಕ್ ಪೈಪಿನ ತುಕ್ಕೂ ಹಾಗೆಯೇ.

ಉಪ್ಪು, ಮಳೆ, ಹಟ್ಟಿ

ಈ ವಿಷಯದಲ್ಲಿ ಅಮೆರಿಕದವರು ಪಟ್ಟ ಪಾಡಿನಿಂದ ನಾವು ಕಲಿಯುವುದಿದೆ. ಅಲ್ಲಿನ ಚಳಿ ಪ್ರದೇಶಗಳಲ್ಲಿ ರಸ್ತೆಯ ಮೇಲಿನ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಗಾಡಿಗಳ ಅಡಿಗೆ ರಾಚಿ ಬ್ರೇಕ್ ಪೈಪುಗಳನ್ನು ತಿನ್ನುತ್ತದೆ. 1999ರಿಂದ 2003ರ ನಡುವಿನ ಮಾದರಿಯ ಜನರಲ್ ಮೋಟರ್ಸ್ ಪಿಕಪ್ ಮತ್ತು ದೊಡ್ಡ ಕಾರುಗಳಲ್ಲಿ ಹೀಗೆ ಬ್ರೇಕ್ ಹೋದ ದೂರುಗಳು ಬಂದಾಗ, ಅಲ್ಲಿನ ಸರ್ಕಾರದ ಹೆದ್ದಾರಿ ಸುರಕ್ಷತಾ ಸಂಸ್ಥೆ 2010ರಲ್ಲಿ ತನಿಖೆ ಆರಂಭಿಸಿತು. 2015ರ ಏಪ್ರಿಲ್‌ನಲ್ಲಿ ತನಿಖೆ ಮುಗಿಯಿತು. ಗಾಡಿಗಳನ್ನು ಕಂಪನಿ ವಾಪಸ್ ತೆಗೆದುಕೊಳ್ಳಬೇಕೆಂಬ ಆದೇಶ ಬರಲಿಲ್ಲ. ಇದು ವಯಸ್ಸು ಮತ್ತು ಉಪ್ಪಿನಿಂದ ಆಗುವ ಸವೆತ, ಬೇರೆ ಕಂಪನಿಗಳ ಹಳೆಯ ಗಾಡಿಗಳಲ್ಲೂ ಇದೆ ಎಂಬ ತೀರ್ಮಾನವಾಯಿತು. 2007 ಮತ್ತು ಅದಕ್ಕಿಂತ ಹಳೆಯ ಗಾಡಿಗಳ ಮಾಲೀಕರು ಅಡಿಭಾಗವನ್ನು ತೊಳೆಯುತ್ತಿರಬೇಕು, ಪೈಪುಗಳನ್ನು ಪರೀಕ್ಷಿಸಿಕೊಳ್ಳಬೇಕು, ತುಕ್ಕು ಹಿಡಿದಿದ್ದರೆ ಪೂರ್ತಿ ಪೈಪ್ ಬದಲಿಸಬೇಕು ಎಂದು ಸಂಸ್ಥೆ ಹೇಳಿತು. ಹಳೆಯ ಗಾಡಿಯ ಜವಾಬ್ದಾರಿ ಕೊನೆಗೆ ಬಂದು ನಿಂತದ್ದು ಅದರಲ್ಲಿ ಕೂರುವವರ ತಲೆಯ ಮೇಲೆಯೇ.

ನಮ್ಮ ಕರಾವಳಿಯ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ. ಆದರೆ ಸಮುದ್ರದ ಗಾಳಿಯಲ್ಲೇ ಉಪ್ಪಿದೆ. ವರ್ಷಕ್ಕೆ 3500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಊರುಗಳು ನಮ್ಮವು. ಕೆಂಪು ಮಣ್ಣಿನ ಕೆಸರು ಪೈಪನ್ನು ಹಿಡಿದಿಡುವ ಕ್ಲಿಪ್ಪುಗಳ ಸಂದಿಯಲ್ಲಿ ಕೂತರೆ ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ. ಇದರ ಜೊತೆಗೆ ಹೈನುಗಾರರ ಗಾಡಿಗೆ ಬೇರೆಯವರ ಗಾಡಿಗಿಲ್ಲದ ಕಷ್ಟಗಳೂ ಇವೆ. ಕರು ಸಾಗಿಸಿದಾಗ ಗಂಜಲ ನೆಲದ ತಗಡಿನ ಸಂದಿಯಿಂದ ಕೆಳಗಿಳಿಯುತ್ತದೆ. ಲವಣ ಮಿಶ್ರಣದ ಚೀಲ ಹರಿದು ಪುಡಿ ಚೆಲ್ಲುತ್ತದೆ. ಗಂಜಲದಲ್ಲೂ ಉಪ್ಪು, ಲವಣ ಮಿಶ್ರಣದಲ್ಲೂ ಉಪ್ಪು. ಹಟ್ಟಿಯ ಪಕ್ಕದ ತೇವದ ನೆಲದಲ್ಲೇ ರಾತ್ರಿಯಿಡೀ ಗಾಡಿ ನಿಂತಿರುತ್ತದೆ. ಮೇಲೆ ಬಣ್ಣ ಮಿಂಚುತ್ತಿದ್ದರೂ ಅಡಿ ಬೇರೆಯೇ ಕತೆ ಹೇಳುತ್ತದೆ.

ತುಕ್ಕು ಹೊರಗಿನಿಂದ ಮಾತ್ರ ಬರುವುದಲ್ಲ. ಮಳೆಗಾಲದಲ್ಲಿ ಉಪ್ಪಿನ ಭರಣಿ ಮುಚ್ಚದಿದ್ದರೆ ಉಪ್ಪು ನೀರೊಡೆಯುತ್ತದಲ್ಲ, ಬ್ರೇಕ್ ಆಯಿಲ್‌ಗೂ ಹಾಗೆ ಗಾಳಿಯ ತೇವ ಹೀರುವ ಗುಣವಿದೆ. ವರ್ಷಗಟ್ಟಲೆ ಬದಲಿಸದಿದ್ದರೆ ಆ ನೀರಿನಂಶ ಪೈಪು, ಸಿಲಿಂಡರುಗಳನ್ನು ಒಳಗಿನಿಂದ ತಿನ್ನುತ್ತದೆ. ಮತ್ತೊಂದು ಅಪಾಯವೂ ಇದೆ. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ಅದರಲ್ಲಿ ನೂರಕ್ಕೆ 4 ಪಾಲಿನಷ್ಟೂ ಇಲ್ಲದ ನೀರು ಸೇರಿದರೆ 140 ಡಿಗ್ರಿಯ ಆಸುಪಾಸಿನಲ್ಲೇ ಕುದಿಯಬಹುದು. ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಚಕ್ರದ ಬಳಿ ಆ ಬಿಸಿ ಬರುತ್ತದೆ. ಎಣ್ಣೆ ಕುದಿದು ಆವಿಯಾದರೆ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಗಿ ನೆಲ ಮುಟ್ಟುತ್ತದೆ. ಹೆಚ್ಚಿನ ಗಾಡಿಗಳಿಗೆ ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲು ಹೇಳುವುದು ಇದಕ್ಕೇ. ಅರ್ಧ ಲೀಟರ್ ಬ್ರೇಕ್ ಆಯಿಲ್‌ನ ಬೆಲೆ ಒಂದು ಮೂಟೆ ಹಿಂಡಿಯ ಬೆಲೆಗಿಂತ ಎಷ್ಟೋ ಕಡಿಮೆ.

ಕಾಗದ ಸರಿ ಇದ್ದರೆ ಸಾಲದು

"ಎಫ್.ಸಿ. ಆಗಿದೆ, ಮತ್ತೇನು?" ಎಂದು ಕೇಳುವವರಿದ್ದಾರೆ. ಮನೆಯ ಸ್ವಂತ ಕಾರಿಗೆ ಹೊಸದಾಗಿ ಕೊಂಡ ದಿನದಿಂದ 15 ವರ್ಷ ಎಫ್.ಸಿ. ಪರೀಕ್ಷೆಯೇ ಇಲ್ಲ. ನಡುವೆ ಮಾಡಿಸುವ ಹೊಗೆ ತಪಾಸಣೆಯಲ್ಲಿ ನೋಡುವುದು ಹೊಗೆಯನ್ನು ಮಾತ್ರ. ಹತ್ತು, ಹನ್ನೆರಡು ವರ್ಷ ಹಳೆಯದಾದ ಕಾರನ್ನು ಎರಡನೇ ಕೈಯಾಗಿ ಕೊಂಡರೆ, ಅದರ ಅಡಿಯನ್ನು ಅಲ್ಲಿಯವರೆಗೆ ಯಾವ ಅಧಿಕಾರಿಯೂ ನೋಡಿರದೇ ಇರಬಹುದು. ಬಾಡಿಗೆ ಗಾಡಿಗೆ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್.ಸಿ. ಆಗಬೇಕು. ಅದು ಒಳ್ಳೆಯದೇ. ಆದರೆ ಎಫ್.ಸಿ. ಆದ ಮರುತಿಂಗಳು ಮಳೆಗಾಲ ಶುರುವಾದರೆ, ಮುಂದಿನ ಎಫ್.ಸಿ.ಯವರೆಗೆ ಆ ಪೈಪು ಏನಾಯಿತೆಂದು ಕಾಗದ ಹೇಳುವುದಿಲ್ಲ.

"ಈಗಿನ ಗಾಡಿಗಳಲ್ಲಿ ಬ್ರೇಕಿಗೆ ಎರಡು ಪ್ರತ್ಯೇಕ ದಾರಿ ಇರುತ್ತದೆ, ಒಂದು ಹೋದರೂ ಇನ್ನೊಂದಿದೆ" ಎನ್ನುವವರೂ ಇದ್ದಾರೆ. ಅದು ನಿಜ. ಆದರೆ ಉಳಿಯುವುದು ಅರ್ಧ ಬ್ರೇಕ್. ಪೆಡಲ್ ಆಳಕ್ಕೆ ಹೋಗುತ್ತದೆ, ಗಾಡಿ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. 40 ಲೀಟರ್ ಕ್ಯಾನಿನಲ್ಲಿ ಹಾಲಿನ ತೂಕವೇ 41 ಕಿಲೋ. ಅಂಥ 20 ಕ್ಯಾನ್ ಹೇರಿದರೆ ಕ್ಯಾನಿನ ತೂಕ ಬಿಟ್ಟು 820 ಕಿಲೋ. ಇಷ್ಟು ಭಾರ ಹೊತ್ತು ಶಾಲೆಯ ಎದುರಿನ ಇಳಿಜಾರು ಇಳಿಯುವ ಪಿಕಪ್ಪಿಗೆ ಅರ್ಧ ಬ್ರೇಕ್ ಸಾಕೇ?

ಹಳೆಯ ಗಾಡಿಗಳನ್ನೆಲ್ಲ ಗುಜರಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಹೊಸದು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ಎಂಟನೇ ಕರು ಹಾಕಿದ ದನವನ್ನು ನಾವು ಮಾರಿಬಿಡುತ್ತೇವೆಯೇ? ಕ್ಯಾಲ್ಸಿಯಂ ಕೊಟ್ಟು, ಹೆಚ್ಚು ಗಮನ ಇಟ್ಟು ನೋಡಿಕೊಳ್ಳುತ್ತೇವೆ. ಹಳೆಯ ಗಾಡಿಗೂ ಅಷ್ಟು ಆರೈಕೆ ಬೇಕು.

ನಾವೇ ನೋಡಬಹುದಾದದ್ದು

ಇದಕ್ಕೆ ಡ್ರೈವಿಂಗ್ ಬರಬೇಕೆಂದಿಲ್ಲ. ಬಾನೆಟ್ ಅಥವಾ ಸೀಟಿನ ಅಡಿ ತೆರೆಸಿ ಬ್ರೇಕ್ ಆಯಿಲ್‌ನ ಚಿಕ್ಕ ಡಬ್ಬಿ ತೋರಿಸಲು ಹೇಳಿ. ಅದರ ಮೇಲೆ ಎರಡು ಗೆರೆಗಳಿವೆ. ಎಣ್ಣೆ ಅವುಗಳ ನಡುವೆ ಇರಬೇಕು. ಹೊಸ ಎಣ್ಣೆಯ ಬಣ್ಣ ತಿಳಿ ಜೇನಿನಂತೆ. ಕಾಫಿ ಕಷಾಯದಂತೆ ಕಪ್ಪಾಗಿದ್ದರೆ ಬದಲಿಸುವ ಕಾಲ ಮೀರಿದೆ ಎಂದರ್ಥ. ಎಣ್ಣೆ ಪದೇ ಪದೇ ಇಳಿಯುತ್ತಿದ್ದರೆ ಮೇಲಿನಿಂದ ತುಂಬಿಸಿ ಸುಮ್ಮನಾಗಬಾರದು. ಎಲ್ಲಿ ಸೋರುತ್ತಿದೆ ಎಂದು ಹುಡುಕಿಸಬೇಕು.

ಎಂಜಿನ್ ಆಫ್ ಮಾಡಿ, ಪೆಡಲನ್ನು ನಾಲ್ಕೈದು ಸಲ ಒತ್ತಿ, ಆಮೇಲೆ ಬಲವಾಗಿ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಕಾಲಿನ ಕೆಳಗೆ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ ಆ ಗಾಡಿ ಗ್ಯಾರೇಜಿನಲ್ಲಿ ದುರಸ್ತಿಯಾಗುವವರೆಗೆ ಅಂಗಳ ಬಿಟ್ಟು ಹೊರಡಬಾರದು. ಮೆಕ್ಯಾನಿಕ್ಕನ್ನು ಅಂಗಳಕ್ಕೇ ಕರೆಸಿ. ಹ್ಯಾಂಡ್ ಬ್ರೇಕ್ ಬಿಟ್ಟ ಮೇಲೂ ಕೆಂಪು ಬ್ರೇಕ್ ದೀಪ ಉರಿಯುತ್ತಿದ್ದರೆ, ಚಕ್ರದ ಒಳಬದಿ ಎಣ್ಣೆಯಿಂದ ಒದ್ದೆಯಾಗಿದ್ದರೆ, ಅದೂ ಎಚ್ಚರಿಕೆಯೇ.

ಗ್ಯಾರೇಜಿನಲ್ಲಿ ಗಾಡಿ ಮೇಲೆತ್ತಿದಾಗ ಕರೆದು ತೋರಿಸಲು ಹೇಳಿ. ಪೈಪಿನ ಮೇಲೆ ಬರೀ ಕಂದು ಬಣ್ಣವಿದ್ದರೆ ಮೆಕ್ಯಾನಿಕ್ ಒರೆಸಿ ನೋಡಿ ಹೇಳುತ್ತಾರೆ. ಹಕ್ಕಳೆ ಏಳುತ್ತಿದ್ದರೆ, ಗುಳಿ ಬಿದ್ದಿದ್ದರೆ ಬದಲಿಸಲೇಬೇಕು. ತೂತಾದ ಜಾಗವಷ್ಟೇ ಕತ್ತರಿಸಿ ಜೋಡಿಸುವುದು, ಅಂಟು ಹಚ್ಚುವುದು ಬೇಡ. ಒಂದು ಕಡೆ ತೂತಾದ ಪೈಪ್ ಮುಂದಿನ ಗೇಣಿನಲ್ಲೂ ಸವೆದಿರುತ್ತದೆ. ಎರಡನೇ ಕೈ ಗಾಡಿ ಕೊಳ್ಳುವಾಗ ಅಡಿಗೆ ಈಗಷ್ಟೇ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಗಮನವಿಟ್ಟು ನೋಡಿಸಿ. ಬಣ್ಣದ ಅಡಿ ತುಕ್ಕು ಬಚ್ಚಿಟ್ಟುಕೊಂಡಿರಬಹುದು.

ಅಕಸ್ಮಾತ್ ದಾರಿಯಲ್ಲಿ ಬ್ರೇಕ್ ಹೋದರೆ ಏನು ಮಾಡಬೇಕೆಂಬುದು ಪಕ್ಕದಲ್ಲಿ ಕೂತವರಿಗೂ ಗೊತ್ತಿರಲಿ. ಪೆಡಲನ್ನು ಬೇಗ ಬೇಗ ತುಳಿಯುತ್ತಿರಬೇಕು, ಒಂದೊಂದೇ ಗೇರ್ ಇಳಿಸಬೇಕು, ಹ್ಯಾಂಡ್ ಬ್ರೇಕನ್ನು ಹಂತ ಹಂತವಾಗಿ ಎಳೆಯಬೇಕು. ಹೆಚ್ಚಿನ ಹಳೆಯ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ತಂತಿಯಿಂದ ನಡೆಯುವುದರಿಂದ ಎಣ್ಣೆ ಸೋರಿ ಹೋದರೂ ಅದು ಕೆಲಸ ಮಾಡುತ್ತದೆ. ಓಡುತ್ತಿರುವಾಗ ಕೀ ತಿರುಗಿಸಿ ತೆಗೆಯಬಾರದು. ಸ್ಟೇರಿಂಗ್ ಲಾಕ್ ಆದೀತು.

ಸಂಘದ ಪಾಲು

ಇನ್ನು ಹಾಲು ಸಾಗಿಸುವ ಬಾಡಿಗೆ ಗಾಡಿಗಳ ಮಾತು. ಅವುಗಳ ಬ್ರೇಕ್ ಡ್ರೈವರ್‌ನ ತಲೆನೋವು ಎಂದು ನಾವು ಕೈ ತೊಳೆದುಕೊಳ್ಳುವಂತಿಲ್ಲ. ಅತಿ ಕಡಿಮೆ ದರ ಕೇಳಿದವರಿಗೆ ಗುತ್ತಿಗೆ ಕೊಟ್ಟು, ಹೊತ್ತು ಮೀರಿದರೆ ದಂಡ ಹಾಕಿ, ರಜೆಯಿಲ್ಲದೆ ಎರಡು ಹೊತ್ತೂ ಓಡಿಸಿದರೆ ಗಾಡಿಯನ್ನು ಗ್ಯಾರೇಜಿಗೆ ಬಿಡುವುದು ಯಾವಾಗ? ದರದಲ್ಲಿ ನಾವು ಉಳಿಸಿದ ದುಡ್ಡು ಗಾಡಿಯ ರಿಪೇರಿಯಿಂದಲೇ ಕಡಿತವಾಗುತ್ತದೆ. ಆ ಚಾಲಕನೂ ನಮ್ಮೂರಿನ ಯಾವುದೋ ತಾಯಿಯ ಮಗ.

ಹಾಗಾಗಿ ವಾರ್ಷಿಕ ಮಹಾಸಭೆಯಲ್ಲಿ ಮೂರು ಮಾತು ಕೇಳೋಣ. ಒಂದು, ಹಾಲಿನ ಗಾಡಿಯ ಗುತ್ತಿಗೆಗೆ ಎಫ್.ಸಿ. ಪ್ರತಿಯ ಜೊತೆಗೆ ಮೇ ತಿಂಗಳಲ್ಲಿ ಮತ್ತು ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಬ್ರೇಕ್ ಪೈಪ್ ನೋಡಿಸಿದ ಗ್ಯಾರೇಜಿನ ಚೀಟಿ ಬೇಕು ಎಂಬ ಷರತ್ತು ಸೇರಲಿ. ಎರಡು, ಅದಕ್ಕೆ ತಗಲುವ ಖರ್ಚು ದರದಲ್ಲಿ ಸೇರಲಿ. ಆ ದಿನ ಬದಲಿ ಗಾಡಿಯ ಏರ್ಪಾಡು ಸಂಘವೇ ಮಾಡಲಿ. ಮೂರು, ಸದಸ್ಯೆಯರ ಮನೆಯ ಗಾಡಿಗಳಿಗೂ ವರ್ಷಕ್ಕೊಮ್ಮೆ ಸಂಘದ ಅಂಗಳದಲ್ಲೇ ಒಬ್ಬ ಒಳ್ಳೆಯ ಮೆಕ್ಯಾನಿಕ್ಕನ್ನು ಕರೆಸಿ ತಪಾಸಣೆ ಮಾಡಿಸಲಿ. ದನಗಳಿಗೆ ಶಿಬಿರ ನಡೆಸುವ ನಮಗೆ ಇದು ಕಷ್ಟವೇನಲ್ಲ.

ಸಭೆಯಲ್ಲಿ ಕೆಲವರು ನಗಬಹುದು. ಹಿಂದೆ ಹಾಲಿನ ಫ್ಯಾಟ್ ಪರೀಕ್ಷೆಯನ್ನು ನಮ್ಮ ಕಣ್ಣೆದುರೇ ಮಾಡಿ ಎಂದು ಹೆಂಗಸರು ಕೇಳಿದಾಗಲೂ ನಕ್ಕವರಿದ್ದರು. ಈಗ ಆ ಪರೀಕ್ಷೆಯ ಚೀಟಿ ಕೈಗೆ ಸಿಗದಿದ್ದರೆ ಯಾರೂ ಕ್ಯಾನಿಗೆ ಹಾಲು ಸುರಿಯುವುದಿಲ್ಲ. ಬ್ರೇಕ್ ಪೈಪಿನ ಚೀಟಿಯನ್ನೂ ಹಾಗೆಯೇ ಕೇಳಿ ಪಡೆಯೋಣ. ಈ ಮೇ ತಿಂಗಳಲ್ಲೇ ಶುರು ಮಾಡೋಣ, ಮೊದಲ ಮಳೆ ಬೀಳುವ ಮುಂಚೆ.