ಅಪ್‌ಡೇಟಿಗೂ ನನ್ನ ಸಹಿ ಬೇಕೆ?

ಬ್ಯಾಂಕಿನಲ್ಲಿ ಒಬ್ಬ ನಮೂದಿಸಬೇಕು, ಇನ್ನೊಬ್ಬ ನೋಡಿ ಸಹಿ ಹಾಕಬೇಕು, ಆಮೇಲೇ ಹಣ ಕದಲಬೇಕು. ಇದೇ ಅಭ್ಯಾಸದಲ್ಲಿ ಮೂವತ್ತು ವರ್ಷ ಕಳೆದವನು ನಾನು. ಹಾಗಾಗಿ ದೌಂಡದ ನಮ್ಮ ಮನೆಯ ಉಬುಂಟು ಕಂಪ್ಯೂಟರು ನನ್ನನ್ನು ಕೇಳದೆ ತನ್ನನ್ನು ತಾನೇ ಬದಲಿಸಿಕೊಳ್ಳುವುದು ಸರಿಬರಲಿಲ್ಲ. ಸ್ವಯಂ ಅಪ್‌ಡೇಟ್ ನಿಲ್ಲಿಸಿಬಿಟ್ಟೆ. ನಾನೇ ನೋಡಿ ಹಾಕ್ತೀನಿ ಅಂದುಕೊಂಡೆ.

ಹಾಕಿದೆನಾ? ಇಲ್ಲ. ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ನೋಡಿದರೆ ಏಳು ತಿಂಗಳ ಬಾಕಿ! "ಅಪ್ಪಾ, ಬ್ರಾಂಚಿನಲ್ಲಿ ಹೀಗೆ ಬಾಕಿ ಇಟ್ಟರೆ ಆಡಿಟರ್ ಸುಮ್ಮನಿರ್ತಾರಾ?" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಯ ಕಾಗದಪತ್ರ, ಅಮ್ಮನ ಹಳೆಯ ಫೋಟೋ ಎಲ್ಲ ಇರುವುದು ಅದರಲ್ಲೇ.

ಲಿನಕ್ಸಿಗೆ ಏನೂ ಆಗಲ್ಲ ಅನ್ನುವವರಿದ್ದಾರೆ. ಆದರೆ ತೂತು ಎಲ್ಲದರಲ್ಲೂ ಇರುತ್ತದೆ. ತೇಪೆ ಪ್ರಕಟವಾದ ದಿನವೇ ತೂತು ಎಲ್ಲಿದೆ ಅಂತ ಕಳ್ಳನಿಗೂ ತಿಳಿಯುತ್ತದೆ. ವಾನಾಕ್ರೈ ವಿಂಡೋಸಿನ ಕಥೆಯಾದರೂ ಪಾಠ ಎಲ್ಲರಿಗೂ ಒಂದೇ. ಮೈಕ್ರೋಸಾಫ್ಟ್ 2017ರ ಮಾರ್ಚಿನಲ್ಲೇ ತೇಪೆ ಕೊಟ್ಟಿತ್ತು, ದಾಳಿ ಆಗಿದ್ದು ಮೇ ತಿಂಗಳಲ್ಲಿ. ಆಮೇಲೆ ಹಾಕೋಣ ಅಂದವರು ಸಿಕ್ಕಿಬಿದ್ದರು.

ಹಾಗಂತ ಎಲ್ಲವನ್ನೂ ಯಂತ್ರಕ್ಕೇ ಬಿಡಬೇಕೆ? ಅದೂ ಬೇಡ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟಿನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರು ಮಲಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸು ಕೈಯಲ್ಲಿ ಬರೆದುಕೊಟ್ಟರು.

ದೌಂಡ ಜಂಕ್ಷನ್ನಿನವರಿಗೆ ದಾರಿ ಗೊತ್ತು. ಸಡಿಲಾದ ಬೋಲ್ಟು ಬಿಗಿಮಾಡಲು ಗ್ಯಾಂಗ್‌ಮನ್ ಪ್ರಯಾಣಿಕರ ಅಪ್ಪಣೆ ಕೇಳುವುದಿಲ್ಲ. ದೊಡ್ಡ ಕೆಲಸಕ್ಕಾದರೆ ಮೊದಲೇ ತಿಳಿಸಿ ಬ್ಲಾಕ್ ತೆಗೆದುಕೊಳ್ಳುತ್ತಾರೆ.

ನಾನೂ ಹಾಗೇ ಮಾಡಿದೆ. ಉಬುಂಟುವಿನ 'ಅನಟೆಂಡೆಡ್-ಅಪ್‌ಗ್ರೇಡ್ಸ್' ಅನ್ನುವ ವ್ಯವಸ್ಥೆ ಭದ್ರತೆಯ ತೇಪೆಗಳನ್ನು ತಾನೇ ಹಾಕುತ್ತದೆ. ಅದನ್ನು ಮತ್ತೆ ಚಾಲೂ ಮಾಡಿದೆ. ಉಳಿದ ಅಪ್‌ಡೇಟು ಭಾನುವಾರ, ನಾನು ನೋಡಿದ ಮೇಲೆ. ಕರ್ನಲ್ ಬದಲಾದರೆ ರೀಸ್ಟಾರ್ಟ್ ಆಗುವವರೆಗೂ ಹಳೆಯದೇ ಓಡುತ್ತಿರುತ್ತದೆ. ತಾನಾಗಿ ರೀಸ್ಟಾರ್ಟ್ ಆಗುವಂತೆಯೂ ಸಮಯ ಇಡಬಹುದು. ನಾನು ಇಟ್ಟಿಲ್ಲ, ರಾತ್ರಿ ಮಲಗುವ ಮುಂಚೆ ನಾನೇ ಮಾಡುತ್ತೇನೆ. ವಾರಕ್ಕೊಮ್ಮೆ ಲಾಗ್ ಓದುತ್ತೇನೆ, ಡೇ-ಬುಕ್ ನೋಡಿದ ಹಾಗೆ. ಫೋಟೋಗಳ ಒಂದು ಪ್ರತಿ ಬೇರೆ ಹಾರ್ಡ್‌ಡಿಸ್ಕಿನಲ್ಲಿದೆ.

ನೋಡದೇ ಇರುವ ಅಧಿಕಾರಿಯ ಸಹಿಗಾಗಿ ತೇಪೆ ಕಾಯಬಾರದು. ಏಳು ತಿಂಗಳು ನಾನೇ ಆ ಅಧಿಕಾರಿಯಾಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಎಷ್ಟು ತಿಂಗಳ ಬಾಕಿ ಇದೆ? ಇವತ್ತೇ ಒಮ್ಮೆ ನೋಡಿಬಿಡಿ.