ಕಪ್ ಅಣ್ಣನಿಗೆ, ಧಗೆ ನಾಯಿಗೆ

ಬರೆಯದೆ ಎರಡು ತಿಂಗಳಾಯ್ತು. ರಿಲೀಸು, ಬಗ್ಗು, ಮತ್ತೆ ರಿಲೀಸು ಅಂತ ಆಫೀಸಲ್ಲೇ ಬಿದ್ದಿದ್ದೆ. ಇವತ್ತು ಕೂತಿರೋದು ಬರೀ ಸಿಟ್ಟಿಗೆ. ಮೊದಲೇ ಹೇಳಿಬಿಡ್ತೀನಿ, ಇದು ನಾಯಿ ಪುರಾಣ. ನಾಯಿ ಅಂದ್ರೆ ಆಗದವರು ಮುಂದಿನ ಸಲ ಬನ್ನಿ :-)

ವಿಷಯ ಏನಪ್ಪಾ ಅಂದ್ರೆ, ಬೀದರಿನಲ್ಲಿರೋ ನಮ್ಮಣ್ಣ ಸೇಂಟ್ ಬರ್ನಾರ್ಡ್ ಮರಿ ತಂದಿದ್ದಾನೆ. ಅಂತಿಂಥ ಮರಿ ಅಲ್ಲ, 'ಶೋ ಕ್ವಾಲಿಟಿ' ಅಂತೆ. ದುಡ್ಡು ಎಷ್ಟು ಕೊಟ್ಟ ಅಂತ ಹೇಳಿಲ್ಲ, ಅಂದ್ರೆ ಅಪ್ಪನಿಗೆ ಗೊತ್ತಾಗಬಾರದಷ್ಟು ಕೊಟ್ಟಿದ್ದಾನೆ. ಫೋನಲ್ಲಿ ಒಂದೇ ಸಮ ಹೇಳ್ತಿದ್ದ, "ತಮ್ಮಾ, ಇಡೀ ಜಿಲ್ಲಾದಾಗ ಯಾರ ಮನ್ಯಾಗೂ ಇಲ್ಲ ನೋಡು ಇಂಥಾದ್ದು."

ಯಾಕಿಲ್ಲ ಅಂತ ಒಂದು ನಿಮಿಷ ಯೋಚನೆ ಮಾಡಿದ್ದರೆ ನಾನು ಇದನ್ನ ಬರೆಯೋ ಪ್ರಸಂಗ ಬರ್ತಿರಲಿಲ್ಲ.

ಸೇಂಟ್ ಬರ್ನಾರ್ಡ್ ಹುಟ್ಟಿದ್ದು ಆಲ್ಪ್ಸ್ ಪರ್ವತದಲ್ಲಿ. ಸ್ವಿಟ್ಜರ್ಲೆಂಡ್ ಮತ್ತು ಇಟಲಿ ನಡುವೆ, ಸುಮಾರು 2,470 ಮೀಟರ್ ಎತ್ತರದ ಕಣಿವೆ ದಾರಿಯಲ್ಲಿ ಒಂದು ಮಠ ಇದೆ. ಅಲ್ಲಿನ ಸನ್ಯಾಸಿಗಳು ಹಿಮದಲ್ಲಿ ದಾರಿ ತಪ್ಪಿದವರನ್ನ ಹುಡುಕೋಕೆ ಸಾಕಿದ ನಾಯಿ ಇದು. ಮೈಮೇಲೆ ಎರಡು ಪದರ ಕೂದಲು. ಇಂಥದ್ದನ್ನ ಏಪ್ರಿಲ್ ತಿಂಗಳಲ್ಲಿ ಬೀದರಿಗೆ ತರೋದು ಅಂದ್ರೆ ಕಂಬಳಿ ಹೊದ್ದವನನ್ನ ಕುಂಬಾರನ ಆವಿಗೆಯಲ್ಲಿ ಕೂರಿಸಿದ ಹಾಗೆ. ನಮ್ಮೂರು ಎತ್ತರದಲ್ಲಿದೆ, ಕಲಬುರಗಿಯಷ್ಟು ಬಿಸಿಲಿಲ್ಲ, ರಾತ್ರಿ ತಂಪು ಗಾಳಿ ಬೀಸುತ್ತೆ ಅಂತ ನಾವೆಲ್ಲ ಜಂಬ ಕೊಚ್ಚಿಕೊಳ್ಳೋದು ನಿಜ. ಆದರೆ ಆ ಜಂಬ ಮನುಷ್ಯರಿಗೆ ಸಾಕು, ನಾಯಿಗೆ ಸಾಲದು. ನಮಗೆ ಮೈಯೆಲ್ಲ ಬೆವರುತ್ತೆ. ನಾಯಿಗೆ ಬೆವರೋದು ಪಾದದ ಅಡಿ ಮಾತ್ರ, ಅದೂ ಲೆಕ್ಕಕ್ಕಿಲ್ಲ. ನಾಲಿಗೆ ಹೊರಗೆ ಹಾಕಿ ತೇಕೋದೇ ಅದರ ಕೂಲರ್. ಹೊರಗಿನ ಗಾಳಿಯೇ 40 ಡಿಗ್ರಿ ಇದ್ದರೆ ತೇಕಿ ಏನು ಮಾಡೀತು ಪಾಪ? ನಾಯಿ ಮೈಯ ಮಾಮೂಲಿ ಶಾಖ 38ರಿಂದ 39 ಡಿಗ್ರಿ. 41 ದಾಟಿದರೆ ಜೀವಕ್ಕೇ ಅಪಾಯ. ಮಧ್ಯೆ ಉಳಿದಿರೋ ಅಂತರ ಎಷ್ಟು ಅಂತ ನೀವೇ ಕಳೆದು ನೋಡಿ.

ಇನ್ನು ಇದರ ಸೇವೆ ಯಾರು ಮಾಡ್ತಾರೆ? ಅಣ್ಣ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಗೆ ಹೋದರೆ ಬರೋದು ರಾತ್ರಿ. ಜೊಲ್ಲು ಒರೆಸೋದು, ಕೂದಲು ಬಾಚೋದು, ಉಚ್ಚೆ ತೊಳೆಯೋದು, ಮಧ್ಯಾಹ್ನ ಕರೆಂಟ್ ಹೋದಾಗ ಗೋಣಿಚೀಲ ಒದ್ದೆ ಮಾಡಿ ಹಾಸೋದು, ಎಲ್ಲಾ ನಮ್ಮ ವೈನಿ. ಎರಡು ಮಕ್ಕಳು, ಮಂಡಿನೋವಿನ ಅತ್ತೆ, ಈಗ ಇದೊಂದು. ನಾಳೆ ಶೋದಲ್ಲಿ ಇದು ಗೆದ್ದರೆ ರಿಂಗಿನೊಳಗೆ ಹಗ್ಗ ಹಿಡಿದು ಓಡೋನು, ಕಪ್ ಎತ್ತಿ ಫೋಟೋ ತೆಗೆಸಿಕೊಳ್ಳೋನು ಅಣ್ಣ. ಪೇಪರಿನಲ್ಲಿ ಬಂದರೆ 'ಶ್ವಾನಪ್ರೇಮಿ' ಅಂತ ಅವನ ಹೆಸರೇ ಬರೋದು. ವೈನಿಯನ್ನ ಶ್ವಾನಪ್ರೇಮಿ ಅಂದವರನ್ನ ನಾನಂತೂ ಕಂಡಿಲ್ಲ.

ನನಗೆ ನಿಜವಾಗಿ ಉರಿದಿದ್ದು ಇದಕ್ಕಲ್ಲ, ಚಂಪಿಗೆ.

ಚಂಪಿ ನಮ್ಮ ಮನೆಯ ಮುಧೋಳ ನಾಯಿ. ಔರಾದ್ ತಾಲೂಕಿನಲ್ಲಿ ಹೊಲ ನೋಡಿಕೊಳ್ಳೋ ಕಾಕಾ ಆರು ವರ್ಷದ ಹಿಂದೆ ತಂದುಕೊಟ್ಟಿದ್ದು. ತೆಳ್ಳಗೆ ಬೆತ್ತದ ಹಾಗೆ ಮೈ, ಆಳವಾದ ಎದೆ, ಹೊಟ್ಟೆ ಬೆನ್ನಿಗೆ ಅಂಟಿಕೊಂಡ ಹಾಗೆ. ಮೇ ತಿಂಗಳ ಬಿಸಿಲಲ್ಲಿ ಬೇವಿನ ಮರದ ಕೆಳಗೆ ಸುಮ್ಮನೆ ಮಲಗಿರೋದು, ಸಂಜೆ ಆದ ಕೂಡಲೇ ಬಾಣ ಬಿಟ್ಟ ಹಾಗೆ ಓಡೋದು. ಅಣ್ಣನ ದೊಡ್ಡ ಮಗಳು ನಡೆಯೋದು ಕಲಿತಿದ್ದೇ ಅದರ ಬೆನ್ನು ಹಿಡಿದು. ಎರಡು ವರ್ಷದ ಹಿಂದೆ ಅಣ್ಣನಿಗೆ ಶೋ ಹುಚ್ಚು ಹಿಡಿದು ಅದನ್ನ ಒಂದು ಶೋಗೆ ಕರ್ಕೊಂಡು ಹೋದ. ಯಾವ ಊರು, ಯಾವ ಕ್ಲಬ್ ಅಂತ ಹೇಳಲ್ಲ. ಕಾಗದ ಪತ್ರ ಇಲ್ಲ, ಎತ್ತರ ಸ್ವಲ್ಪ ಕಮ್ಮಿ ಅಂತ ಅಲ್ಲಿ ಯಾರೂ ಅದನ್ನ ಸರಿಯಾಗಿ ನೋಡಲೂ ಇಲ್ಲವಂತೆ. ಅವತ್ತಿಂದ ಚಂಪಿ ಅಣ್ಣನ ಕಣ್ಣಲ್ಲಿ ಸಣ್ಣದಾಯ್ತು. ಈಗ ಹೊಸ ಮರಿಗೆ ಜಾಗ ಬೇಕು ಅಂತ ಅದನ್ನ ವಾಪಸ್ ಔರಾದಿನ ಹೊಲಕ್ಕೆ ಸಾಗಿಸಿದ್ದಾನೆ. ನಾಯಿ ಅಲ್ಲಿ ಆರಾಮಾಗಿಯೇ ಇದೆ, ಕಾಕಾ ಪುಣ್ಯಾತ್ಮ. ಮಗು ಮಾತ್ರ ದಿನಾ ಬಾಗಿಲಲ್ಲಿ ನಿಂತು ಕರೆಯುತ್ತಂತೆ.

ಹೋಗಲಿ, ಹೊಸ ಮರಿಗೆ ಕಾಗದ ಇದೆಯಲ್ಲ, ನೋಡೋಣ ಅಂತ ಅಣ್ಣನಿಂದ ಅದರ ವಂಶಾವಳಿ ಸರ್ಟಿಫಿಕೇಟಿನ ಫೋಟೋ ತರಿಸಿಕೊಂಡೆ. ಇಂಜಿನಿಯರ್ ಬುದ್ಧಿ ನೋಡಿ, ಟ್ರೀ ಅಂದ ಕೂಡಲೇ ಬಿಡಿಸಿ ನೋಡೋ ಚಟ. ಬಿಡಿಸಿದರೆ ಅದು ಟ್ರೀನೇ ಅಲ್ಲ! ಮರಿಯ ಅಪ್ಪನ ಅಪ್ಪ ಯಾರೋ, ಅವ್ವನ ಅಪ್ಪನೂ ಅವನೇ. ಅಂದ್ರೆ ಒಂದೇ ಗಂಡಿಗೆ ಬೇರೆ ಬೇರೆ ಹೆಣ್ಣಿನಲ್ಲಿ ಹುಟ್ಟಿದ ಎರಡು ಮಕ್ಕಳನ್ನ ಕೂಡಿಸಿದ್ದಾರೆ. ಲೆಕ್ಕ ಹಾಕಿದರೆ ಒಳಸಂತಾನದ ಪ್ರಮಾಣ 12.5%. ನಮ್ಮ ಕಡೆ ಸೋದರಮಾವನನ್ನ ಮದುವೆಯಾದರೆ ಮಕ್ಕಳಿಗೆ ಬರೋದೂ ಇಷ್ಟೇ. ಅದಕ್ಕೆ ಡಾಕ್ಟರುಗಳು ಎಷ್ಟು ಬೈತಾರೆ ಗೊತ್ತಲ್ಲ. ನಾಯಿ ವಿಷಯದಲ್ಲಿ ಇದಕ್ಕೆ 'ಚಾಂಪಿಯನ್ ಬ್ಲಡ್‌ಲೈನ್' ಅಂತ ಹೆಸರು, ಮೇಲೆ ಎಕ್ಸ್‌ಟ್ರಾ ದುಡ್ಡು.

ಇನ್ನೊಂದು. ಮರಿ ತಂದಾಗ ಅದಕ್ಕೆ 40 ದಿನ. ಕೇಂದ್ರ ಸರ್ಕಾರದ 2017ರ ನಾಯಿ ತಳಿ ಮತ್ತು ಮಾರಾಟ ನಿಯಮದ ಪ್ರಕಾರ 8 ವಾರ ತುಂಬದ ಮರಿಯನ್ನ ಮಾರೋ ಹಾಗೇ ಇಲ್ಲ. ತಳಿ ಬೆಳೆಸೋನು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ನಮ್ಮಣ್ಣ ನೋಂದಣಿ ಕೇಳಿದನಾ? "ಅವ್ರು ಭಾಳ ದೊಡ್ಡ ಮಂದಿ, ಹಂಗೆಲ್ಲಾ ಕೇಳಬಾರ್ದು" ಅಂದ.

ಶೋ ಇರೋದ್ರಿಂದಲೇ ತಳಿ ಉಳಿಯೋದು ಅನ್ನೋದು ಅಣ್ಣನ ವಾದ. ಶೋಗಳ ತವರುಮನೆ ಇಂಗ್ಲೆಂಡಿನ ಕಥೆ ಕೇಳಿ. ಅಲ್ಲಿನ ಕ್ರಫ್ಟ್ಸ್ ಶೋ 1891ರಿಂದ ನಡೆದುಕೊಂಡು ಬಂದಿದೆ. 2008ರಲ್ಲಿ ಬಿಬಿಸಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ಚಂದದ ಹೆಸರಲ್ಲಿ ಈ ನಾಯಿಗಳ ಮೂಗು, ಬೆನ್ನು, ತಲೆಬುರುಡೆ ಎಲ್ಲಾ ಹೇಗೆ ಹಾಳಾಗಿವೆ ಅಂತ ಜನ ನೋಡಿದರು. 2009ರಲ್ಲಿ ಬಿಬಿಸಿ ಆ ಶೋ ತೋರಿಸೋದನ್ನೇ ನಿಲ್ಲಿಸಿತು. ಅಪ್ಪ-ಮಗಳು, ಅವ್ವ-ಮಗ, ಅಣ್ಣ-ತಂಗಿ ಕೂಡಿಸಿದ ಮರಿಗಳನ್ನ ನೋಂದಾಯಿಸಲ್ಲ ಅಂತ ಅಲ್ಲಿನ ಕೆನಲ್ ಕ್ಲಬ್ ನಿಯಮ ತಂದಿದ್ದೂ 2009ರಲ್ಲೇ. ಅಂದ್ರೆ ಅಲ್ಲಿವರೆಗೂ ನೋಂದಾಯಿಸ್ತಿದ್ದರು! 2012ರಲ್ಲಿ ಅಪಾಯದ ಪಟ್ಟಿಯಲ್ಲಿದ್ದ 15 ತಳಿಗಳ ವಿಜೇತರನ್ನ ಪಶುವೈದ್ಯರ ಮುಂದೆ ನಿಲ್ಲಿಸಿದಾಗ 6 ನಾಯಿಗಳು ಫೇಲಾದವು. ತಮ್ಮ ತಳಿಯಲ್ಲಿ ಮೊದಲ ಬಹುಮಾನ ಗೆದ್ದ ನಾಯಿಗಳು ಇವು. ಇದಾ ತಳಿ ಉಳಿಸೋದು?

ನನ್ನನ್ನೂ ದೊಡ್ಡ ಸಾಚಾ ಅಂದ್ಕೋಬೇಡಿ. 2003ರಲ್ಲಿ ಹಚ್ ಜಾಹೀರಾತು ಬಂದಾಗ ನಾನಿನ್ನೂ ಚಿಕ್ಕ ಹುಡುಗ. ಆ ಪಗ್ ನಾಯಿ ಬೇಕೇ ಬೇಕು ಅಂತ ಹಟ ಹಿಡಿದು ಊಟ ಬಿಟ್ಟಿದ್ದೆನಂತೆ. ಅಪ್ಪ ತಂದುಕೊಡಲಿಲ್ಲ, ಒಳ್ಳೇದೇ ಆಯ್ತು. ಚಪ್ಪಟೆ ಮೂಗಿನ ಆ ನಾಯಿಗೆ ಸರಿಯಾಗಿ ತೇಕೋಕೂ ಬರಲ್ಲ.

ನಮ್ಮ ಕಡೆ ಪ್ರಾಣಿ ಪ್ರದರ್ಶನ ಹೊಸದೇನಲ್ಲ. ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತು, ಹೋರಿ ನೋಡೋದಕ್ಕೆ ಅಂತಲೇ ಕಾಕಾ ಹೋಗ್ತಾನೆ. ದೇವಣಿಯಲ್ಲಿ ಪೂರ್ತಿ ಬಿಳಿದು ಬಾಳಂಕ್ಯಾ, ಮುಖದ ಪಕ್ಕ ಕಪ್ಪಿದ್ದರೆ ವಾನೇರಾ, ಮೈಮೇಲೆ ಕರಿ ಮಚ್ಚೆ ಇದ್ದರೆ ಶೇವರಾ. ಬಣ್ಣ, ಚಂದ ಅಲ್ಲೂ ನೋಡ್ತಾರೆ. ಆದರೆ ಕೊಳ್ಳೋ ಹೊತ್ತಿಗೆ ಕಾಕಾ ಹಲ್ಲು ಎಣಿಸ್ತಾನೆ, ಗೊರಸು ಎತ್ತಿ ನೋಡ್ತಾನೆ, ಹತ್ತು ಹೆಜ್ಜೆ ನಡೆಸ್ತಾನೆ, ಇದರ ತಾಯಿ ಎಷ್ಟು ಹಾಲು ಕೊಡ್ತಿತ್ತು ಅಂತ ಕೇಳ್ತಾನೆ. ಹಾಲಿಗೂ ಬೇಕು, ನೇಗಿಲಿಗೂ ಬೇಕು, ಬಿಸಿಲಿಗೂ ತಡೀಬೇಕು. ಸೇಂಟ್ ಬರ್ನಾರ್ಡಿನ ಶೋ ಪಟ್ಟಿಯಲ್ಲಿ ಗಂಡಿನ ಎತ್ತರ 70ರಿಂದ 90 ಸೆಂ.ಮೀ. ಇರಬೇಕು ಅಂತಿದೆ, ಮೈಬಣ್ಣ ಎಲ್ಲೆಲ್ಲಿ ಹೇಗಿರಬೇಕು ಅಂತಿದೆ. ಬೀದರಿನ ಮೇ ತಿಂಗಳಲ್ಲಿ ಬದುಕುತ್ತಾ ಅನ್ನೋ ಕಾಲಮ್ಮು ಇಲ್ಲ.

ಹಾಗಾದ್ರೆ ಎಲ್ಲರೂ ಮುಧೋಳ ನಾಯಿ ಸಾಕಿ ಅಂತೀಯಾ ಅಂತ ಕೇಳ್ತೀರಿ. ಅದೂ ಅಷ್ಟು ಸುಲಭ ಇಲ್ಲ. ಈ ನಾಯಿಗೆ ಸರ್ಕಾರದ ಮರ್ಯಾದೆ ಏನೂ ಕಮ್ಮಿಯಾಗಿಲ್ಲ. 2005ರ ಜನವರಿಯಲ್ಲಿ ಅಂಚೆ ಚೀಟಿ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಇದೆ, ಅದು ನಮ್ಮ ಬೀದರಿನ ನಂದಿನಗರದ ಪಶು ವಿಶ್ವವಿದ್ಯಾಲಯಕ್ಕೇ ಸೇರಿದ್ದು. 2016ರಲ್ಲಿ ಸೇನೆಯವರು ಮರಿಗಳನ್ನ ತರಬೇತಿಗೆ ಮೀರತ್‌ಗೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೆಸರು ಹೇಳಿದರು. ಹೆಸರು ಅಂದ ಮೇಲೆ ನೆನಪಾಯ್ತು, ಕೆನಲ್ ಕ್ಲಬ್ ಆಫ್ ಇಂಡಿಯಾದ ಪಟ್ಟಿಯಲ್ಲಿ ಇದು 'ಕ್ಯಾರವಾನ್ ಹೌಂಡ್'. ಊರಿನ ಹೆಸರು ಹೋಯ್ತು.

ನನ್ನ ಭಯ ಏನಂದ್ರೆ, ಈ ಮರ್ಯಾದೆ ಹೆಚ್ಚಾದಷ್ಟೂ ಅಣ್ಣನಂಥವರ ಕಣ್ಣು ಮುಧೋಳದ ಮೇಲೂ ಬೀಳುತ್ತೆ. ಆಮೇಲೆ ಅದಕ್ಕೂ ಇನ್ನಷ್ಟು ಸಣ್ಣ ಸೊಂಟ, ಇನ್ನಷ್ಟು ಉದ್ದ ಮುಖ ಅಂತ ಶುರು. ಓಡೋಕೆ ಹುಟ್ಟಿದ ನಾಯಿಯನ್ನ ಎರಡು ರೂಮಿನ ಫ್ಲಾಟಿನಲ್ಲಿ ಕೂಡಿಹಾಕಿದರೆ ಅದೂ ಸೇಂಟ್ ಬರ್ನಾರ್ಡನ್ನ ಬೀದರಿಗೆ ತಂದಷ್ಟೇ ಅನ್ಯಾಯ. ಶೋ ಮಾಡೋದೇ ಆದರೆ ನಾಯಿಯನ್ನ ಹೊಲದಲ್ಲಿ ಓಡಿಸಿ ನೋಡಲಿ. ವಂಶಾವಳಿಯಲ್ಲಿ ಒಂದೇ ಹೆಸರು ಎರಡು ಸಲ ಬಂದರೆ ಅಂಕ ಕಳೆಯಲಿ. ಅಪ್ಪ-ಅವ್ವ ಎಷ್ಟು ವರ್ಷ ಬದುಕಿದವು, ಯಾವ ರೋಗದಿಂದ ಸತ್ತವು ಅಂತ ಕೇಳಲಿ. ನಿಂತ ನಿಲುವಿಗೆ ಕೊಡೋ ಕಪ್ ಯಾರಿಗೆ ಬೇಕು?

ಅಣ್ಣ ಕೊನೆಗೆ ಒಂದು ಮಾತು ಅಂದ, ಅದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಶೋ ಬಂದಮ್ಯಾಲೆ ನಮ್ಮ ಮಂದಿಗಿ ನಾಯಿ ಅಂದ್ರ ಏನಂತ ಗೊತ್ತಾಗ್ಯಾದ." ಅಣ್ಣಾ, ನಮ್ಮಕ್ಕನ ಊರು ಭಾಲ್ಕಿ. ಅದೇ ತಾಲೂಕಿನ ಖಾನಾಪುರದಲ್ಲಿ ಮೈಲಾರ ಮಲ್ಲಣ್ಣ ಇದ್ದಾನೆ, ಚಿಕ್ಕಂದಿನಲ್ಲಿ ನೀನೇ ನನ್ನನ್ನ ಹೆಗಲ ಮೇಲೆ ಹೊತ್ತುಕೊಂಡು ಜಾತ್ರೆಗೆ ಹೋಗಿದ್ದಿ. ಆ ದೇವರ ಜೊತೆ ಯಾವತ್ತೂ ನಾಯಿ ಇರುತ್ತೆ. ಅವನ ಗೊರವರು ತಾವೇ ನಾಯಿ ಆಗಿ ಬೊಗಳ್ತಾರೆ, ದೋಣಿಗೆ ಬಾಯಿ ಹಾಕಿ ಉಣ್ತಾರೆ. ಆ ದೇವರ ನಾಯಿಗೆ ಯಾರೂ ವಂಶಾವಳಿ ಕೇಳಿಲ್ಲ.

ಮರಿಯನ್ನ ವಾಪಸ್ ಕೊಡು ಅಂತ ನಾನು ಹೇಳಲ್ಲ. ಕೊಟ್ಟರೆ ಅದು ಇನ್ನೊಬ್ಬನ ಮನೆಯ ಧಗೆಗೆ ಹೋಗುತ್ತೆ, ಅಷ್ಟೇ. ಸಾಕಲಿ. ನಂದಿನಗರಕ್ಕೆ ಕರ್ಕೊಂಡು ಹೋಗಿ ಲಸಿಕೆ ಹಾಕಿಸಲಿ, ದೊಡ್ಡದಾದ ಮೇಲೆ ಸೊಂಟದ ಎಕ್ಸ್‌ರೇ ತೆಗೆಸಲಿ, ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸಲಿ. ಬೇಸಿಗೆಯಲ್ಲಿ ಶೋ ಅಂತ ಊರೂರು ತಿರುಗಿಸದೇ ಇರಲಿ. ವಾರಕ್ಕೆ ಎರಡು ದಿನವಾದರೂ ಅಂಗಡಿಗೆ ಬಾಗಿಲು ಹಾಕಿ ಜೊಲ್ಲು ತಾನೇ ಒರೆಸಲಿ. ಮತ್ತೆ ಚಂಪಿಯನ್ನ ಮನೆಗೆ ಕರ್ಕೊಂಡು ಬರಲಿ. ಇಷ್ಟನ್ನೂ ಫೋನಲ್ಲಿ ಹೇಳಿದೆ. ಅಣ್ಣ "ಬೆಂಗಳೂರಾಗ ಕುಂತು ಶಾಣ್ಯಾತನ ಮಾಡಬ್ಯಾಡ" ಅಂತ ಕಟ್ ಮಾಡಿದ. ಅದಾಗಿ ನಾಲ್ಕು ದಿನ ಆಯ್ತು, ಫೋನಿಲ್ಲ.

ನಿನ್ನೆ ರಾತ್ರಿ ವೈನಿ ಒಂದು ಫೋಟೋ ಕಳಿಸಿದ್ದಾರೆ. ಮರಿ ಒದ್ದೆ ಗೋಣಿಚೀಲದ ಮೇಲೆ ನಾಲಿಗೆ ಚಾಚಿಕೊಂಡು ಮಲಗಿದೆ. ಎದುರಿಗೆ ಕೂಲರ್. ಅದು ಅಪ್ಪನ ರೂಮಿನ ಕೂಲರ್.