ಸ್ವಲ್ಪ ರಕ್ತ ತಾನೇ ಅನ್ನಬೇಡಿ, ಸ್ವಾಮಿ!

ಮೇದೋಜೀರಕ ಗ್ರಂಥಿಯ ಗಡ್ಡೆ ತೆಗೆಸಿ ಆಯ್ತು, ಹೊಲಿಗೆ ಒಣಗಿತು, ಇನ್ನೇನು ಭಯ ಅಂತೀರಾ? ಭಯ ಇದೆ. ಗ್ರಂಥಿಯನ್ನು ಕರುಳಿಗೆ ಸೇರಿಸಿದ ಕಡೆ ಸೋರಿದರೆ, ಉಂಡದ್ದನ್ನು ಕರಗಿಸುವ ಅದರ ರಸವೇ ಪಕ್ಕದ ಅಪಧಮನಿಯ ಗೋಡೆಯನ್ನು ತಿನ್ನುತ್ತೆ. ವಾರ, ಎರಡು ವಾರ ಕಳೆದ ಮೇಲೂ ನಾಳ ಒಡೆಯಬಹುದು.

ಎಷ್ಟೋ ಸಲ ಮೊದಲು ಕಾಣುವುದು ಸ್ವಲ್ಪವೇ ರಕ್ತ: ಹೊಟ್ಟೆಗೆ ಹಾಕಿದ ಕೊಳವೆಯಲ್ಲಿ, ವಾಂತಿಯಲ್ಲಿ, ಇಲ್ಲವೇ ಡಾಂಬರಿನಂಥ ಕಪ್ಪು ಮಲದಲ್ಲಿ. ತಾನಾಗಿ ನಿಂತಿತಲ್ಲ ಅಂತ ಮನೆಯಲ್ಲಿ ಕೂತರೆ ಕೆಟ್ಟಿರಿ. ಕೆಲವೇ ಗಂಟೆಯಲ್ಲೋ ದಿನದಲ್ಲೋ ಜೀವಕ್ಕೇ ಬರುವಷ್ಟು ಸುರಿಯಬಹುದು.

ಸಿ.ಟಿ. ಆಂಜಿಯೋಗ್ರಾಂನಲ್ಲಿ ಜಾಗ ಹುಡುಕಿ, ತೊಡೆಯ ನಾಳದಿಂದ ತಂತಿಸುರುಳಿ ಸೇರಿಸಿ ಮುಚ್ಚುವ ಚಿಕಿತ್ಸೆಯಿದೆ. ಅದು ಎಲ್ಲ ಊರಲ್ಲೂ ಸಿಗದು. ಆದ್ದರಿಂದ ಆಸ್ಪತ್ರೆಯವರು ಡಿಸ್ಚಾರ್ಜ್ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡಲಿ: ರಕ್ತ ಕಂಡರೆ ಬಸ್ಸಿಗೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಇಷ್ಟಕ್ಕೂ ಮೇಲಿನವರ ಆರ್ಡರ್ ಬೇಕೇ?